ಪೆಟ್ಟಿಗೆಯಲ್ಲಿ ಬಂದ ಆಟ: ಮೇಜರ್ ವಿಂಗ್‌ಫೀಲ್ಡನ ಚರಿತ್ರೆ

ಸಂಜೆಯ ಹೊತ್ತಿಗೆ ಕಚೇರಿಯ ಕೆಲಸವನ್ನು ಮುಗಿಸಿ, ಬಿಳಿಯ ಉಡುಪನ್ನು ತೊಟ್ಟು, ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಕ್ಲಬ್ಬಿನ ಕಡೆಗೆ ಹೊರಡುವ ಅಧಿಕಾರಿಗಳನ್ನೂ ವಕೀಲರನ್ನೂ ಕಾಣದ ಜಿಲ್ಲಾ ಪಟ್ಟಣವು ನಮ್ಮ ದೇಶದಲ್ಲಿ ಬಹುಕಾಲದಿಂದ ಅಪೂರ್ವವಾಗಿದೆ. ಹುಲ್ಲಿನ ಮೇಲೆ ಆಡುವ ಟೆನ್ನಿಸ್ ಆಟವು ನಮ್ಮಲ್ಲಿ ಅಷ್ಟರಮಟ್ಟಿಗೆ ಬಳಕೆಯಾಗಿ ಹೋಗಿದೆ. ಇದನ್ನು ಆಂಗ್ಲೇಯರು ತಂದರೆಂಬುದು ಎಲ್ಲರಿಗೂ ಗೊತ್ತು. ಆದರೆ ಆಂಗ್ಲೇಯರಲ್ಲಿ ಯಾರು ಇದನ್ನು ಕಟ್ಟಿದರು, ಯಾವ ಕಾಲದಲ್ಲಿ ಕಟ್ಟಿದರು, ಕಟ್ಟಿದವನಿಗೆ ಏನು ಲಭಿಸಿತು ಎಂದು ಕೇಳಿದರೆ, ಪ್ರತಿದಿನವೂ ತಪ್ಪದೆ ಆಡುವವರಲ್ಲಿಯೂ ಉತ್ತರ ಕೊಡಬಲ್ಲವರು ವಿರಳ. ಇದು ಯಾವುದೋ ಪುರಾತನ ಕಾಲದಿಂದ ಬಂದ ಆಟವೆಂದೇ ಹಲವರ ನಂಬಿಕೆ. ವಾಸ್ತವವಾಗಿ ಈಗಿನ ಟೆನ್ನಿಸ್ಸಿಗೆ ನೂರೈವತ್ತು ವರ್ಷಗಳಿಗಿಂತ ಸ್ವಲ್ಪವೇ ಹೆಚ್ಚು ವಯಸ್ಸಾಗಿದೆ. ನಮ್ಮ ಅನೇಕ ರೈಲುದಾರಿಗಳು ಅದಕ್ಕಿಂತ ಹಳೆಯವು. ಅದನ್ನು ಪೆಟ್ಟಿಗೆಯಲ್ಲಿ ತುಂಬಿ ಲೋಕಕ್ಕೆ ಕಳುಹಿಸಿದವನು ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ ಎಂಬ ನಿವೃತ್ತ ಸೈನಿಕನು. ಆತನ ಚರಿತ್ರೆಯು ಒಬ್ಬ ಮನುಷ್ಯನ ಲಾಭನಷ್ಟಗಳ ಕಥೆಯಾಗಿರುವುದಲ್ಲದೆ, ಆಳುವವರ ವಿನೋದವೊಂದು ಆಳಿಸಿಕೊಂಡವರ ಸ್ವತ್ತಾದ ಕಥೆಯೂ ಆಗಿರುವುದರಿಂದ, ಅದನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಮೊದಲು ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಟೆನ್ನಿಸ್ ಎಂಬ ಹೆಸರು ವಿಂಗ್‌ಫೀಲ್ಡನು ಹುಟ್ಟುವುದಕ್ಕೆ ಬಹುಕಾಲ ಮೊದಲೇ ಇದ್ದಿತು. ಫ್ರಾನ್ಸ್ ದೇಶದಲ್ಲಿ ಮಧ್ಯಯುಗದಿಂದಲೂ ಅಂಗೈಯಿಂದ, ಆಮೇಲೆ ಬ್ಯಾಟಿನಿಂದ ಚೆಂಡನ್ನು ಹೊಡೆಯುವ ಆಟವೊಂದು ನಡೆಯುತ್ತಿದ್ದಿತು. ಅದಕ್ಕೆ ನಾಲ್ಕು ಗೋಡೆಗಳ ನಡುವಣ ಕಟ್ಟಡವೇ ಬೇಕಾಗಿದ್ದಿತು. ಚೆಂಡು ಬಲೆಯನ್ನು ದಾಟಿ, ಗೋಡೆಗೆ ತಾಗಿ, ಇಳಿಜಾರಾದ ಮಾಡಿನ ಮೇಲೆ ಉರುಳಿ ಬರುತ್ತಿದ್ದಿತು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಅರಸನು ಹ್ಯಾಂಪ್ಟನ್ ಕೋರ್ಟಿನ ಅರಮನೆಯಲ್ಲಿ ಈ ಆಟವನ್ನು ಆಡುತ್ತಿದ್ದನು. 1789ರ ಜೂನ್ 20ರಂದು ಫ್ರಾನ್ಸಿನ ಪ್ರಜಾಪ್ರತಿನಿಧಿಗಳು ತಮ್ಮ ಸಭಾಮಂದಿರದ ಬಾಗಿಲು ಮುಚ್ಚಿದ್ದುದನ್ನು ಕಂಡು, ವರ್ಸೇಲ್ಸ್ ನಗರದ ಇಂತಹುದೇ ಒಂದು ಆಟದ ಮನೆಯಲ್ಲಿ ಸೇರಿ, ರಾಜ್ಯಾಂಗವು ಸಿದ್ಧವಾಗುವವರೆಗೆ ಚದುರುವುದಿಲ್ಲವೆಂದು ಪ್ರತಿಜ್ಞೆ ಮಾಡಿದ ಸಂಗತಿಯು ಚರಿತ್ರೆಯನ್ನೋದಿದವರಿಗೆಲ್ಲ ಪರಿಚಿತವಾಗಿದೆ. ಹೀಗೆ ಆ ಹಳೆಯ ಟೆನ್ನಿಸ್ ರಾಜರ ಮತ್ತು ಶ್ರೀಮಂತರ ಮನೆಯೊಳಗಿನ ವಸ್ತುವಾಗಿದ್ದಿತು. ಕಟ್ಟಡವನ್ನು ಕಟ್ಟಿಸಬಲ್ಲವನಿಗೆ ಮಾತ್ರ ಅದು ಸಾಧ್ಯ. ಅದನ್ನು ಬಯಲಿಗೆ ತಂದುದೇ ವಿಂಗ್‌ಫೀಲ್ಡನ ಸಾಹಸವು.

ಆತನು 1833ನೆಯ ಇಸವಿ ಅಕ್ಟೋಬರ್ 16ರಂದು ವೇಲ್ಸ್ ಸೀಮೆಯ ರುವಾಬನ್ ಎಂಬ ಊರಿನಲ್ಲಿ ಜನಿಸಿದನು. ಮನೆತನವು ಹಳೆಯದು, ತಂದೆಯು ಸೈನ್ಯದಲ್ಲಿ ಕ್ಯಾಪ್ಟನ್. ತಾಯಿಯು ಆತನ ಬಾಲ್ಯದಲ್ಲಿಯೇ ತೀರಿಕೊಂಡುದರಿಂದ ಬಂಧುಗಳ ಆಶ್ರಯದಲ್ಲಿ ಬೆಳೆಯಬೇಕಾಯಿತು. ಆ ಕಾಲದ ಆಂಗ್ಲ ಮನೆತನಗಳ ಹುಡುಗರಿಗೆ ತೆರೆದಿದ್ದ ದಾರಿಗಳಲ್ಲಿ ಸೈನ್ಯವೇ ಮುಖ್ಯವಾದುದು. ಸ್ಯಾಂಡ್‌ಹರ್ಸ್ಟಿನ ಸೈನಿಕ ವಿದ್ಯಾಲಯದಲ್ಲಿ ಶಿಕ್ಷಣ ಪಡೆದು, 1851ರಲ್ಲಿ ಮೊದಲನೆಯ ಡ್ರಾಗೂನ್ ಗಾರ್ಡ್ಸ್ ಎಂಬ ಕುದುರೆಯ ದಂಡಿಗೆ ಸೇರಿದನು. ಈ ದಂಡಿನೊಂದಿಗೆ ಹಿಂದೂಸ್ಥಾನಕ್ಕೂ ಬಂದನು. 1858ರಲ್ಲಿ, ಎಂದರೆ ಕಂಪೆನಿಯ ಆಳಿಕೆಯು ಮುಗಿದು ರಾಣಿಯ ಆಳಿಕೆಯು ನಮ್ಮ ಮೇಲೆ ಆರಂಭವಾದ ವರ್ಷದಲ್ಲಿ, ಈ ನೆಲದಲ್ಲಿದ್ದಾಗಲೇ ಜನರಲ್ ಕ್ಲೀವ್‌ಲೆಂಡ್ ಎಂಬವನ ಮಗಳಾದ ಆಲಿಸ್ ಲಿಡಿಯಾ ಎಂಬಾಕೆಯನ್ನು ವಿವಾಹವಾದನು. 1860ರಲ್ಲಿ ಚೀನಾ ದೇಶದ ಯುದ್ಧಕ್ಕೆ ಹೋಗಿ, ಪೀಕಿಂಗ್ ನಗರವು ಆಂಗ್ಲರ ಮತ್ತು ಫ್ರೆಂಚರ ವಶವಾದಾಗ ಅಲ್ಲಿದ್ದನು. ಅಫೀಮಿನ ವ್ಯಾಪಾರವನ್ನು ಉಳಿಸುವುದಕ್ಕಾಗಿ ನಡೆದ ಆ ಯುದ್ಧವೂ, ಅದರ ಕೊನೆಯಲ್ಲಿ ಚಕ್ರವರ್ತಿಯ ಬೇಸಗೆಯ ಅರಮನೆಗೆ ಬೆಂಕಿಯಿಟ್ಟುದೂ ಆಂಗ್ಲರ ಚರಿತ್ರೆಯಲ್ಲಿ ಶ್ಲಾಘ್ಯವಾದ ಅಧ್ಯಾಯಗಳಲ್ಲ. ಅದರಲ್ಲಿ ವಿಂಗ್‌ಫೀಲ್ಡನು ಸಾವಿರಾರು ಮಂದಿಯಲ್ಲಿ ಒಬ್ಬ ಅಧಿಕಾರಿ ಮಾತ್ರ. ಮರುವರ್ಷ ಸ್ವದೇಶಕ್ಕೆ ಹಿಂತಿರುಗಿ ದಂಡಿನ ಕೆಲಸವನ್ನು ಬಿಟ್ಟನು.

ಆಮೇಲೆ ಕೆಲವು ವರ್ಷ ವೇಲ್ಸ್ ಸೀಮೆಯ ತನ್ನ ಹಿರಿಯರ ಜಹಗೀರಿನಲ್ಲಿ ಕಾಲ ಕಳೆದು, 1867ರಲ್ಲಿ ಲಂಡನ್ ನಗರಕ್ಕೆ ಬಂದು ನೆಲೆಸಿದನು. 1870ರಲ್ಲಿ ರಾಣಿಯ ಅಂಗರಕ್ಷಕರಾದ ಗೌರವ ಪಡೆಯಲ್ಲಿ ಸ್ಥಾನ ದೊರೆಯಿತು. ಮಾಂಟ್‌ಗೊಮರಿಷೈರ್ ಸೀಮೆಯ ಸ್ವಯಂಸೇವಕ ಕುದುರೆದಂಡಿನಲ್ಲಿ 1873ರಲ್ಲಿ ಮೇಜರ್ ಪದವಿಯು ಬಂದಿತು. ನಾವು ಈಗ ಆತನನ್ನು ಕರೆಯುವ ಮೇಜರ್ ಎಂಬ ಬಿರುದು ಯುದ್ಧಭೂಮಿಯದಲ್ಲ, ಈ ಸ್ವಯಂಸೇವಕ ದಂಡಿನದು. ಹೀಗೆ ನಲವತ್ತರ ಹೊಸ್ತಿಲಲ್ಲಿ ಆತನ ಸ್ಥಿತಿಯು ಹೇಗಿದ್ದಿತೆಂದರೆ: ಹೆಸರಿಗೆ ಮನೆತನವಿದೆ, ಅರಮನೆಯ ಪ್ರವೇಶವಿದೆ, ದೊಡ್ಡ ಮನೆಗಳ ಪರಿಚಯವಿದೆ, ಕೈಯಲ್ಲಿ ಬೇಕಾದಷ್ಟು ಬಿಡುವಿದೆ. ಇಂತಹ ಮನುಷ್ಯರು ಆ ದೇಶದಲ್ಲಿ ಆಗ ಸಾವಿರಾರು ಮಂದಿ ಇದ್ದರು. ಅವರ ಬಿಡುವಿಗೆ ಒಂದು ಹೊಸ ವಿನೋದವು ಬೇಕಾಗಿದ್ದಿತು. ಅದನ್ನು ಆತನು ಕಂಡುಕೊಂಡನು.

ಯಾವ ಹೊಸ ವಸ್ತುವೂ ಒಬ್ಬನ ತಲೆಯಿಂದಲೇ ಇಳಿದು ಬರುವುದಿಲ್ಲ; ಕಾಲವು ಅದಕ್ಕೆ ನೆಲವನ್ನು ಹದಮಾಡಿರಬೇಕು. ಇಲ್ಲಿಯಂತೂ ನೆಲವನ್ನು ಅಕ್ಷರಶಃ ಹದಮಾಡಿದ್ದಿತು. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಎಂಬ ಇಂಗ್ಲೆಂಡಿನ ಯಂತ್ರಕುಶಲಿಯು ಹುಲ್ಲನ್ನು ಸಮವಾಗಿ ಕತ್ತರಿಸುವ ಉರುಳೆಯಂತ್ರವನ್ನು ಕಲ್ಪಿಸಿದ್ದನು. 1860ರ ಸುಮಾರಿನಿಂದ ಕ್ರೋಕೆ ಎಂಬ, ಮರದ ಕೊಡತಿಯಿಂದ ಚೆಂಡುಗಳನ್ನು ಉರುಳಿಸುವ ಆಟವು ಹರಡಿದುದರಿಂದ ದೊಡ್ಡ ಮನೆಗಳ ಮುಂದೆಲ್ಲ ಹಲಗೆಯಂತೆ ಸಮವಾದ ಹಸುರುನೆಲಗಳು ಸಿದ್ಧವಾಗಿದ್ದವು. ಹಳೆಯ ಟೆನ್ನಿಸ್ಸಿನ ಚೆಂಡು ಬಟ್ಟೆಯನ್ನು ಬಿಗಿದು ಸುತ್ತಿ ಮಾಡಿದುದು. ಅದು ಕಲ್ಲುನೆಲದ ಮೇಲೆ ಪುಟಿಯುವುದೇ ಹೊರತು ಹುಲ್ಲಿನ ಮೇಲೆ ಪುಟಿಯುವುದಿಲ್ಲ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿಧಾನವನ್ನು ಕಂಡುಹಿಡಿದು, 1844ರಲ್ಲಿ ಅದಕ್ಕೆ ಸನ್ನದನ್ನು ಪಡೆದ ಮೇಲೆ, ಟೊಳ್ಳಾದ ರಬ್ಬರ್ ಚೆಂಡುಗಳು ಬಂದವು. ಹುಲ್ಲು ಕತ್ತರಿಸುವ ಯಂತ್ರ, ಸಮನೆಲ, ರಬ್ಬರ್ ಚೆಂಡು, ಈ ಮೂರೂ ಒಂದೆಡೆ ಸೇರಿದ ಮೇಲೆ ಹೊಸ ಆಟವು ಹುಟ್ಟದೆ ಇರುವುದು ಕಷ್ಟವಾಗಿದ್ದಿತು.

ಆದುದರಿಂದಲೇ ವಿಂಗ್‌ಫೀಲ್ಡನೊಬ್ಬನೇ ಇದರ ಕರ್ತೃವೆಂದು ಹೇಳಿದರೆ ನ್ಯಾಯವಾಗಲಾರದು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಹ್ಯಾರಿ ಜೆಮ್ ಎಂಬ ವಕೀಲನೂ, ಸ್ಪೇನ್ ದೇಶದ ಮೂಲದವನಾದ ಔಗೂರಿಯೋ ಪೆರೇರಾ ಎಂಬ ವರ್ತಕನೂ 1860ರ ಆಸುಪಾಸಿನಲ್ಲಿಯೇ ಮನೆಯ ಮುಂದಣ ಹಸುರಿನ ಮೇಲೆ ಇಂತಹ ಆಟವೊಂದನ್ನು ಆಡುತ್ತಿದ್ದರು. ಆಮೇಲೆ ಅವರು ಲೆಮಿಂಗ್ಟನ್ ಎಂಬ ಊರಿಗೆ ಹೋಗಿ ಇಬ್ಬರು ವೈದ್ಯಮಿತ್ರರೊಂದಿಗೆ ಈ ಆಟಕ್ಕಾಗಿಯೇ ಒಂದು ಕ್ಲಬ್ಬನ್ನು ಸ್ಥಾಪಿಸಿದರು. ಕಾಲದ ಲೆಕ್ಕದಲ್ಲಿ ಅವರೇ ಮೊದಲಿನವರು. ಆದರೆ ಅವರು ಆಡಿ ಸಂತೋಷಪಟ್ಟರು; ಊರಿನ ಎಲ್ಲೆಯನ್ನು ದಾಟಿಸಲಿಲ್ಲ. ವಿಂಗ್‌ಫೀಲ್ಡನ ಬುದ್ಧಿಯು ಬೇರೆಯ ಜಾತಿಯದು. ಆಟವನ್ನು ಒಂದು ಸರಕನ್ನಾಗಿ ಮಾಡಬಹುದೆಂದೂ, ಆ ಸರಕನ್ನು ಹಡಗಿನಲ್ಲಿ ಹೇರಿ ಎಲ್ಲಿಗೆ ಬೇಕಾದರೂ ಕಳುಹಿಸಬಹುದೆಂದೂ ಮೊದಲು ಕಂಡವನು ಆತನೇ.

1873ರ ಡಿಸೆಂಬರ್ ತಿಂಗಳಿನಲ್ಲಿ ಆತನು ಆಟದ ನಿಯಮಗಳ ಒಂದು ಚಿಕ್ಕ ಪುಸ್ತಕವನ್ನು ಅಚ್ಚು ಹಾಕಿಸಿ, ವೇಲ್ಸ್ ಸೀಮೆಯ ನಾಂಟ್‌ಕ್ಲೂಯಿಡ್ ಎಂಬ ದೊಡ್ಡ ಮನೆಯಲ್ಲಿ ನೆರೆದಿದ್ದ ಅತಿಥಿಗಳಿಗೆ ಅದನ್ನು ಅರ್ಪಿಸಿದನು. 1874ರ ಫೆಬ್ರವರಿ 23ರಂದು ಅವನ ಸನ್ನದಿನ ಅರ್ಜಿಯು 685ನೆಯ ನಂಬರಿನಲ್ಲಿ ದಾಖಲಾಯಿತು. ಆಟಕ್ಕೆ ಆತನು ಇಟ್ಟ ಹೆಸರು ಸ್ಫೈರಿಸ್ಟಿಕೆ. ಗ್ರೀಕ್ ಭಾಷೆಯಲ್ಲಿ ಚೆಂಡಿನ ವಿದ್ಯೆಯೆಂದು ಅದರ ಅರ್ಥ. ಗ್ರೀಕ್ ಹೆಸರಿನಿಂದ ಆಟಕ್ಕೆ ಪ್ರಾಚೀನತೆಯ ಕಾಂತಿಯು ಬರುವುದೆಂದು ಆತನು ಎಣಿಸಿರಬೇಕು. ಆದರೆ ಉಚ್ಚರಿಸಲಾರದ ಹೆಸರು ಎಷ್ಟು ದಿನ ಬಾಳೀತು? ಜನರು ಅದನ್ನು ಸ್ಟಿಕಿ ಎಂದು ಕತ್ತರಿಸಿ ಹಾಸ್ಯ ಮಾಡಿದರು. ಪುಸ್ತಕದಲ್ಲಿಯೇ ಜೊತೆಗೆ ಕೊಟ್ಟಿದ್ದ ಲಾನ್ ಟೆನ್ನಿಸ್ ಎಂಬ ಸರಳವಾದ ಹೆಸರೇ ಕಡೆಗೆ ನಿಂತಿತು.

ಲಂಡನ್ ನಗರದ ಪಿಮ್ಲಿಕೋ ಭಾಗದಲ್ಲಿದ್ದ ಫ್ರೆಂಚ್ ಕಂಪೆನಿಯೆಂಬ ಅಂಗಡಿಯಲ್ಲಿ ಮಾರಾಟವು ಆರಂಭವಾಯಿತು. ಒಂದು ಮರದ ಪೆಟ್ಟಿಗೆ. ಅದರೊಳಗೆ ನೆಡುವ ಗಳುಗಳು, ಗೂಟಗಳು, ಗೂಟಗಳನ್ನು ಹೊಡೆಯುವ ಕೊಡತಿ, ಬಲೆ, ನಾಲ್ಕು ಬ್ಯಾಟುಗಳು, ಚೆಂಡುಗಳ ಚೀಲ, ನಿಯಮಗಳ ಪುಸ್ತಕ. ಬೆಲೆಯು ಐದು ಗಿನಿ, ಎಂದರೆ ಐದು ಪೌಂಡು ಐದು ಶಿಲಿಂಗ್. ಅದು ಆ ಕಾಲದ ಹೊಲದ ಕೂಲಿಯವನಿಗೆ ಹಲವು ವಾರಗಳ ಸಂಪಾದನೆ. ಅಂಗಣದ ಆಕಾರವು ಈಗಿನಂತೆ ಆಯತವಾಗಿರಲಿಲ್ಲ. ಎರಡು ತುದಿಗಳಲ್ಲಿ ಅಗಲವಾಗಿ, ಬಲೆಯಿರುವ ನಡುವಿನಲ್ಲಿ ಕಿರಿದಾಗಿ, ಡಮರುವಿನಂತೆ ಇದ್ದಿತು. ಬಲೆಯು ಈಗಿನದಕ್ಕಿಂತ ಬಹಳ ಎತ್ತರ. ಚೆಂಡನ್ನು ಆರಂಭದಲ್ಲಿ ಕೊಡುವವನು ಒಂದೇ ಕಡೆಯ ಒಂದು ಚೌಕದಲ್ಲಿ ನಿಂತು ಕೊಡಬೇಕು. ಅವನಿಗೆ ಮಾತ್ರ ಅಂಕವು ದೊರೆಯುತ್ತಿದ್ದಿತು. ಹದಿನೈದಕ್ಕೆ ಆಟವು ಮುಗಿಯುತ್ತಿದ್ದಿತು. ಈಗಿನ ಆಟಗಾರನೊಬ್ಬನು ಆ ಅಂಗಣದಲ್ಲಿ ನಿಂತರೆ ತನ್ನದೇ ಆಟವನ್ನು ಗುರುತಿಸುವುದು ಕಷ್ಟ.

ಆದರೂ ಪೆಟ್ಟಿಗೆಗಳು ಬಿಸಿ ದೋಸೆಯಂತೆ ಖರ್ಚಾದವು. ಅಂಗಡಿಯ ಲೆಕ್ಕದ ಪುಸ್ತಕದಂತೆ 1874ರ ಜುಲೈಯಿಂದ ಮುಂದಿನ ಜೂನ್‌ವರೆಗಿನ ಒಂದೇ ವರ್ಷದಲ್ಲಿ 1,050 ಪೆಟ್ಟಿಗೆಗಳು ಮಾರಿಹೋದವು. ಕೊಂಡವರಲ್ಲಿ ಹೆಚ್ಚಿನವರು ಕುಲೀನರು, ಜಹಗೀರುದಾರರು, ಸೈನ್ಯಾಧಿಕಾರಿಗಳು. ಇದಕ್ಕೆ ಮುಖ್ಯವಾದ ಕಾರಣವೊಂದಿದೆ. ಕ್ರಿಕೆಟ್ಟಿಗೆ ಇಪ್ಪತ್ತೆರಡು ಮಂದಿ ಬೇಕು, ವಿಶಾಲವಾದ ಬಯಲು ಬೇಕು, ದಿನವಿಡೀ ಬಿಡುವು ಬೇಕು. ಈ ಆಟಕ್ಕೆ ಇಬ್ಬರು ಅಥವಾ ನಾಲ್ವರು ಸಾಕು, ಒಂದು ಗಂಟೆ ಸಾಕು. ಅದಕ್ಕಿಂತ ಮಿಗಿಲಾಗಿ, ಗಂಡಸರೂ ಹೆಂಗಸರೂ ಒಂದೇ ಅಂಗಣದಲ್ಲಿ ಆಡಬಹುದು. ನೆಲವನ್ನು ಗುಡಿಸುವಂತಹ ನಿಲುವಂಗಿಗಳನ್ನು ತೊಟ್ಟ ಆ ಕಾಲದ ಸ್ತ್ರೀಯರಿಗೆ ಓಡಿ ಆಡುವ ಆಟವೊಂದು ದೊರೆತುದು ಚಿಕ್ಕ ಸಂಗತಿಯಲ್ಲ. ಹತ್ತು ವರ್ಷಗಳೊಳಗಾಗಿ, 1884ರಲ್ಲಿ, ವಿಂಬಲ್ಡನ್ನಿನಲ್ಲಿ ಸ್ತ್ರೀಯರ ಪಂದ್ಯವೂ ಏರ್ಪಟ್ಟು, ಮಾಡ್ ವಾಟ್ಸನ್ ಎಂಬಾಕೆಯು ಗೆದ್ದಳು.

ಇಷ್ಟರಲ್ಲಿ ಕರ್ತೃವಿನ ಕೈಯಿಂದ ಆಟವು ಜಾರತೊಡಗಿದ್ದಿತು. ಆತನು ಸನ್ನದು ಪಡೆದುದು ಕಳಚಿ ಒಯ್ಯಬಹುದಾದ ಅಂಗಣಕ್ಕೆ. ಚೆಂಡನ್ನು ಬಲೆಯ ಮೇಲೆ ಹೊಡೆದಾಡುವ ಆನಂದಕ್ಕೆ ಸನ್ನದು ಕೊಡಬಲ್ಲ ಸರ್ಕಾರವು ಎಲ್ಲಿಯೂ ಇಲ್ಲ. ಅದೇ 1874ರಲ್ಲಿಯೇ ಜಾನ್ ಹೇಲ್ ಎಂಬವನು ಜರ್ಮೇನ್ಸ್ ಲಾನ್ ಟೆನ್ನಿಸ್ ಎಂಬ ಹೆಸರಿನಿಂದ ಬೇರೊಂದು ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದನು. ಒಂದೊಂದು ಮನೆಯಲ್ಲಿ ಒಂದೊಂದು ಅಳತೆ, ಒಂದೊಂದು ನಿಯಮ ಎಂಬಂತಾಯಿತು. ಕ್ರಿಕೆಟ್ಟಿನ ನಿಯಮಗಳಿಗೆ ಒಡೆಯನಾದ ಮೇರಿಲಬೋನ್ ಕ್ಲಬ್ಬು 1875ರ ಮಾರ್ಚ್ 3ರಂದು ಎಲ್ಲರನ್ನೂ ಲಾರ್ಡ್ಸ್ ಮೈದಾನಕ್ಕೆ ಕರೆದು, ಆಟಗಳನ್ನು ಆಡಿಸಿ ನೋಡಿ, ಒಂದು ಸಾಮಾನ್ಯವಾದ ನಿಯಮಾವಳಿಯನ್ನು ಹೊರಡಿಸಿತು. ವಿಂಗ್‌ಫೀಲ್ಡನು ಇದನ್ನು ಒಪ್ಪಿಕೊಂಡನು. ಡಮರುವಿನ ಆಕಾರವು ಆಗಿನ್ನೂ ಉಳಿದುಕೊಂಡಿತು.

ಅದನ್ನೂ ಅಳಿಸಿದುದು ವಿಂಬಲ್ಡನ್. ಅಲ್ಲಿ 1868ರಲ್ಲಿ ಕ್ರೋಕೆಗಾಗಿ ಸ್ಥಾಪಿತವಾದ ಕ್ಲಬ್ಬೊಂದು, ತನ್ನ ಆಟಕ್ಕೆ ಜನರು ಕಡಿಮೆಯಾಗುತ್ತಿರಲು, 1875ರಲ್ಲಿ ಒಂದು ಹಸುರುನೆಲವನ್ನು ಟೆನ್ನಿಸ್ಸಿಗೆ ಬಿಟ್ಟುಕೊಟ್ಟಿತು. 1877ರಲ್ಲಿ ಹೆಸರಿನಲ್ಲಿಯೂ ಟೆನ್ನಿಸ್ಸನ್ನು ಸೇರಿಸಿಕೊಂಡು ಬಹಿರಂಗ ಪಂದ್ಯವೊಂದನ್ನು ಸಾರಿತು. ನೆಲವನ್ನು ಸಮಮಾಡುವ, ಕುದುರೆಮರಿ ಎಳೆಯುವ ಉರುಳೆಗಲ್ಲು ಕೆಟ್ಟುಹೋಗಿದ್ದುದರಿಂದ ಅದರ ರಿಪೇರಿಗೆ ಹಣವನ್ನು ಕೂಡಿಸುವುದಕ್ಕಾಗಿಯೇ ಈ ಪಂದ್ಯವನ್ನು ಏರ್ಪಡಿಸಿದರೆಂಬುದು ಪ್ರಸಿದ್ಧವಾದ ಮಾತು. ಹೆನ್ರಿ ಜೋನ್ಸ್, ಜೂಲಿಯನ್ ಮಾರ್ಷಲ್, ಹೀತ್‌ಕೋಟ್ ಎಂಬ ಮೂವರು ಸೇರಿ ನಿಯಮಗಳನ್ನು ತಿದ್ದಿದರು. ಅಂಗಣವು 78 ಅಡಿ ಉದ್ದ, 27 ಅಡಿ ಅಗಲದ ಆಯತವಾಯಿತು. ಹದಿನೈದು, ಮೂವತ್ತು, ನಲವತ್ತು ಎಂಬ ಹಳೆಯ ಅರಮನೆಯ ಟೆನ್ನಿಸ್ಸಿನ ಎಣಿಕೆಯು ಮತ್ತೆ ಬಂದಿತು. ಆ ಅಳತೆಯೂ ಆ ಎಣಿಕೆಯೂ ಇಂದಿಗೂ ಬದಲಾಗಿಲ್ಲ. ಇಪ್ಪತ್ತೆರಡು ಮಂದಿ ಆಡಿದ ಆ ಪಂದ್ಯದಲ್ಲಿ ಸ್ಪೆನ್ಸರ್ ಗೋರ್ ಎಂಬವನು ಗೆದ್ದನು. ಅಂತಿಮ ಪಂದ್ಯಕ್ಕೆ ಒಂದೊಂದು ಶಿಲಿಂಗ್ ಕೊಟ್ಟು ನೋಡಬಂದವರು ಸುಮಾರು ಇನ್ನೂರು ಜನ.

ಅದೇ 1877ರಲ್ಲಿ ವಿಂಗ್‌ಫೀಲ್ಡನು ತನ್ನ ಸನ್ನದನ್ನು ನವೀಕರಿಸದೆ ಬಿಟ್ಟುಬಿಟ್ಟನು. ನ್ಯಾಯಾಲಯಗಳ ಮೆಟ್ಟಲನ್ನು ಹತ್ತಿ ಪ್ರತಿಸ್ಪರ್ಧಿಗಳೊಡನೆ ಹೋರಾಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆಯಲ್ಲಿ ಕೈಯೂ ಬಾಯಿಯೂ ಒಬ್ಬನದೇ. ಇಲ್ಲಿ ಕೆಸರಾದ ಕೈಯೊಂದು, ಮೊಸರುಂಡ ಬಾಯಿಗಳು ಬೇರೆ. ಆಟವು ಯಾವ ವರ್ಷ ತನ್ನ ಸ್ಥಿರವಾದ ರೂಪವನ್ನು ಪಡೆಯಿತೋ ಅದೇ ವರ್ಷ ಅದರ ಮೇಲೆ ಕರ್ತೃವಿಗೆ ಇದ್ದ ಹಕ್ಕು ಮುಗಿಯಿತು. ಇದು ಆತನಿಗೆ ನಷ್ಟ, ಲೋಕಕ್ಕೆ ಲಾಭ. ಐದು ಗಿನಿಯ ಪೆಟ್ಟಿಗೆಯನ್ನು ಕೊಳ್ಳಲಾರದವನೂ ಇನ್ನು ಮೇಲೆ ಒಂದು ಹಗ್ಗವನ್ನು ಕಟ್ಟಿ ಆಡಬಹುದಾಗಿದ್ದಿತು.

ಈ ನಡುವೆ ಪೆಟ್ಟಿಗೆಗಳು ಸಮುದ್ರವನ್ನು ದಾಟಿದ್ದವು. 1874ರಲ್ಲಿಯೇ ಅಮೆರಿಕವನ್ನು ಸೇರಿದವು. 1881ರಲ್ಲಿ ಅಲ್ಲಿನ ರಾಷ್ಟ್ರೀಯ ಪಂದ್ಯವು ಆರಂಭವಾಯಿತು. ಕೆನಡಾ, ಚೀನಾ, ರಷ್ಯಾ, ಹಿಂದೂಸ್ಥಾನ ಎಲ್ಲೆಡೆಗೂ ಹೋದವು. ಆಂಗ್ಲರ ದಂಡೂ, ಹಡಗೂ, ತಂತಿಯೂ ಹೋದಲ್ಲೆಲ್ಲ ಬಲೆಯೂ ಹೋಯಿತು. ಪರದೇಶದಲ್ಲಿ ಬೆರಳೆಣಿಕೆಯ ಮಂದಿಯಾಗಿ, ಲಕ್ಷಾಂತರ ಪ್ರಜೆಗಳ ನಡುವೆ ಜಿಲ್ಲೆಗಳನ್ನಾಳುತ್ತಿದ್ದ ಅಧಿಕಾರಿಗಳಿಗೆ ಇದಕ್ಕಿಂತ ಅನುಕೂಲವಾದ ಆಟವು ಬೇರೊಂದಿರಲಿಲ್ಲ. ಕ್ರಿಕೆಟ್ಟಿಗೆ ಸಾಕಾಗುವಷ್ಟು ಬಿಳಿಯರು ಒಂದು ಜಿಲ್ಲೆಯಲ್ಲಿ ದೊರೆಯುತ್ತಿರಲಿಲ್ಲ. ಕಲೆಕ್ಟರು, ಜಡ್ಜಿ, ಡಾಕ್ಟರು, ಪೊಲೀಸ್ ಸೂಪರಿಂಟೆಂಡೆಂಟರು ಎಂದು ನಾಲ್ವರು ದೊರೆಯುತ್ತಿದ್ದರು. ಬಿಸಿಲು ತಗ್ಗಿದ ಮೇಲೆ ಕತ್ತಲಾಗುವುದರೊಳಗಿನ ಒಂದು ಗಂಟೆಯೇ ಆಟಕ್ಕೆ ಸಾಕಾಗುತ್ತಿದ್ದಿತು. ಲಾಹೋರಿನಲ್ಲಿ 1885ರಿಂದಲೂ, ಕಲ್ಕತ್ತೆಯಲ್ಲಿ 1887ರಿಂದಲೂ ಪ್ರಾಂತೀಯ ಪಂದ್ಯಗಳು ನಡೆಯತೊಡಗಿದವು.

ಆದರೆ ಅಂಗಣದ ಸುತ್ತಲೂ ಬೇಲಿಯಿದ್ದಿತು. ಅನೇಕ ಕ್ಲಬ್ಬುಗಳಲ್ಲಿ ನಮ್ಮವರಿಗೆ ಸದಸ್ಯತ್ವವು ದೊರೆಯುತ್ತಿರಲಿಲ್ಲ. ಆ ಬಾಗಿಲಿನೊಳಗೆ ಪ್ರವೇಶವಿದ್ದ ಹಿಂದೂಸ್ಥಾನದವರೆಂದರೆ ಜವಾನರು, ಮಾಲಿಗಳು, ಮತ್ತು ಚೆಂಡನ್ನು ಹೆಕ್ಕಿಕೊಡುವ ಹುಡುಗರು. ಆ ಅಂಗಣವನ್ನು ಮಾಡಿದವರಾದರೂ ಯಾರು? ವಿಲಾಯತಿಯ ಹಸುರು ನಮ್ಮ ಬಿಸಿಲಿನಲ್ಲಿ ಉಳಿಯದ ಕಡೆಗಳಲ್ಲಿ ಜೇಡಿಮಣ್ಣನ್ನು ಬಡಿದು, ಅದರ ಮೇಲೆ ಸೆಗಣಿಯನ್ನು ಸಾರಿಸಿ ನೆಲವನ್ನು ಗಟ್ಟಿಮಾಡುತ್ತಿದ್ದರು. ನಮ್ಮ ಮನೆಯ ಅಂಗಳಕ್ಕೂ, ಕಣಕ್ಕೂ ತಲೆತಲಾಂತರದಿಂದ ಬಂದ ವಿದ್ಯೆಯೇ ಸಾಹೇಬರ ಕೋರ್ಟನ್ನೂ ಸಿದ್ಧಪಡಿಸಿತು. ಪಂಜಾಬಿನ ಸಿಯಾಲ್‌ಕೋಟಿನಲ್ಲಿ ಯಾವನೋ ಆಂಗ್ಲನ ಮುರಿದ ಬ್ಯಾಟನ್ನು ಅಲ್ಲಿಯ ಜೀನು ಹೊಲಿಯುವ ಕುಶಲಿಯೊಬ್ಬನು ಸರಿಪಡಿಸಿ ಕೊಟ್ಟನೆಂದೂ, ಅದರಿಂದಲೇ ಆ ಊರಿನ ಆಟದ ಸಾಮಾನುಗಳ ಉದ್ಯಮವು ಬೆಳೆಯಿತೆಂದೂ ಹೇಳುತ್ತಾರೆ. ಕಥೆಯು ಹೇಗಾದರೂ ಇರಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ಊರಿನ ಬ್ಯಾಟುಗಳು ಹೊರದೇಶಕ್ಕೂ ಹೋಗುತ್ತಿದ್ದುದು ದಿಟ. 1947ರ ದೇಶವಿಭಜನೆಯಲ್ಲಿ ಅಲ್ಲಿಂದ ಹೊರಟುಬಂದ ಕುಶಲಿಗಳು ಜಲಂಧರದಲ್ಲಿಯೂ ಮೀರತ್ತಿನಲ್ಲಿಯೂ ಅದೇ ಉದ್ಯಮವನ್ನು ಮತ್ತೆ ಕಟ್ಟಿದರು.

ಬೇಲಿಯ ಹೊರಗಿದ್ದವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಕಲ್ಕತ್ತೆಯಲ್ಲಿ 1907ರಲ್ಲಿ, ವರ್ಣಭೇದವಿಲ್ಲದ ಕಲ್ಕತ್ತಾ ಕ್ಲಬ್ಬು ಹುಟ್ಟಿತು. ನಮ್ಮ ಬೆಂಗಳೂರಿನ ದಂಡಿನಲ್ಲಿ ಆಂಗ್ಲ ಸೈನ್ಯಾಧಿಕಾರಿಗಳು 1868ರಲ್ಲಿಯೇ ತಮ್ಮ ಕ್ಲಬ್ಬನ್ನು ಮಾಡಿಕೊಂಡಿದ್ದರು. ಇತ್ತ 1917ರಲ್ಲಿ ದಿವಾನ್ ವಿಶ್ವೇಶ್ವರಯ್ಯನವರು ಸೆಂಚುರಿ ಕ್ಲಬ್ಬನ್ನು ಸ್ಥಾಪಿಸಿದರು. ಆಟವನ್ನು ದ್ವೇಷಿಸಿ ತ್ಯಜಿಸುವ ಮಾರ್ಗವನ್ನು ನಮ್ಮ ಹಿರಿಯರು ಹಿಡಿಯಲಿಲ್ಲ. ಆಟವನ್ನು ಇಟ್ಟುಕೊಂಡು ಬೇಲಿಯನ್ನು ಕಿತ್ತರು. ಇದು ವಿವೇಕದ ಮಾರ್ಗವೆಂದೇ ನಮ್ಮ ಅಭಿಪ್ರಾಯ.

ಈಗ ವಿಂಗ್‌ಫೀಲ್ಡನ ಕಡೆಗೆ ಹಿಂತಿರುಗೋಣ. ಆಟವು ಭೂಮಂಡಲವನ್ನು ಸುತ್ತುತ್ತಿದ್ದಾಗ ಅದರ ಕರ್ತೃವು ಲಂಡನ್ನಿನ ಮನೆಯೊಂದರಲ್ಲಿ ದುಃಖವನ್ನುಣ್ಣುತ್ತಿದ್ದನು. ಆತನ ಮೂವರು ಗಂಡುಮಕ್ಕಳೂ ಅಕಾಲದಲ್ಲಿ ಗತಿಸಿದರು. ಪುತ್ರಶೋಕಕ್ಕೆ ಸಮನಾದ ಶೋಕವಿಲ್ಲವೆಂಬುದು ಎಲ್ಲ ದೇಶಗಳಿಗೂ ಸಮಾನವಾದ ಮಾತು. ಆದರೂ ಆತನ ಕಲ್ಪನಾಶಕ್ತಿಯು ಬತ್ತಲಿಲ್ಲ. ಬೈಸಿಕಲ್ಲು ಹೊಸದಾಗಿ ಹರಡುತ್ತಿದ್ದಾಗ ಅದರಲ್ಲಿ ಆಸಕ್ತನಾಗಿ, ವಾದ್ಯದ ತಾಳಕ್ಕೆ ಸರಿಯಾಗಿ ಗುಂಪು ಗುಂಪಾಗಿ ಬೈಸಿಕಲ್ಲನ್ನು ನಡೆಸುವ ವಿನೋದವನ್ನು ಕಲ್ಪಿಸಿ, 1897ರಲ್ಲಿ ಅದರ ವಿಷಯವಾಗಿ ಪುಸ್ತಕವನ್ನು ಬರೆದನು. ಪಾಕಶಾಸ್ತ್ರದಲ್ಲಿ ಅಭಿರುಚಿಯುಳ್ಳವರಿಗಾಗಿ ಒಂದು ಸಂಘವನ್ನೂ ಕಟ್ಟಿದನು. ಇವಾವುವೂ ಟೆನ್ನಿಸ್ಸಿನಂತೆ ನಿಲ್ಲಲಿಲ್ಲ. ಕುದುರೆ ಸವಾರನಾಗಿ ಕಲಿತ ಕವಾಯತನ್ನೇ ಬೈಸಿಕಲ್ಲಿಗೆ ಒಗ್ಗಿಸಿದ ಈ ಮುದುಕನ ಉತ್ಸಾಹವನ್ನು ನೋಡಿದರೆ, ಆತನನ್ನು ಹಣದಾಸೆಯ ವರ್ತಕನೆಂದು ಮಾತ್ರ ತಳ್ಳಿಹಾಕುವುದು ಅನ್ಯಾಯವೆಂದು ತೋರುತ್ತದೆ. ಜನರು ಕೂಡಿ ನಲಿಯುವ ಹೊಸ ಹೊಸ ಬಗೆಗಳನ್ನು ಹುಡುಕುವುದು ಆತನ ಸ್ವಭಾವವಾಗಿದ್ದಿತು.

1912ರ ಏಪ್ರಿಲ್ 18ರಂದು ಲಂಡನ್ನಿನಲ್ಲಿ, ತನ್ನ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಆತನು ನಿಧನ ಹೊಂದಿದನು. ಟೈಟಾನಿಕ್ ಹಡಗು ಮುಳುಗಿ ಆಗ ಮೂರು ದಿನಗಳು ಮಾತ್ರ ಕಳೆದಿದ್ದವು. ಲೋಕದ ವೃತ್ತಪತ್ರಿಕೆಗಳೆಲ್ಲವೂ ಸಮುದ್ರದ ಕಡೆಗೆ ಮುಖ ಮಾಡಿದ್ದವು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಆತನ ಸಮಾಧಿಯಾಯಿತು. ಬದುಕಿನಲ್ಲಿ ಕೈತಪ್ಪಿದ ಕೀರ್ತಿಯು ಮರಣದ ಎಂಭತ್ತೈದು ವರ್ಷಗಳ ಮೇಲೆ ಬಂದಿತು: 1997ರಲ್ಲಿ ಅಮೆರಿಕದ ನ್ಯೂಪೋರ್ಟಿನಲ್ಲಿರುವ ಅಂತರರಾಷ್ಟ್ರೀಯ ಟೆನ್ನಿಸ್ ಕೀರ್ತಿಮಂದಿರದಲ್ಲಿ ಆತನ ಹೆಸರನ್ನು ಸೇರಿಸಲಾಯಿತು.

ಆತನ ಕಾರ್ಯವನ್ನು ನಾವು ಹೇಗೆ ತೂಗಬೇಕು? ಆಟದ ಅಂಗಣವು ಆತನದಲ್ಲ, ಎಣಿಕೆಯು ಆತನದಲ್ಲ, ಹೆಸರು ಕೂಡ ಆತನಿಗೆ ಮೆಚ್ಚಾದುದಲ್ಲ. ಮೊದಲು ಆಡಿದವನೂ ಆತನಲ್ಲ. ಇಷ್ಟೆಲ್ಲ ಕಳೆದ ಮೇಲೂ ಒಂದು ಉಳಿಯುತ್ತದೆ. ಗೋಡೆಗಳ ನಡುವೆ ಬಂಧಿಯಾಗಿದ್ದ ಆಟವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯಲ್ಲಿ ಹಾಕಿದವನು ಆತನೇ. ಆತನು ಮನಸ್ಸಿನಲ್ಲಿಟ್ಟುಕೊಂಡಿದ್ದುದು ತನ್ನ ವರ್ಗದವರನ್ನು ಮಾತ್ರವೆಂಬುದು ನಿಜ. ಆದರೆ ಹೊತ್ತುಕೊಂಡು ಹೋಗಬಹುದಾದ ವಸ್ತುವು ಒಡೆಯನು ಕಳುಹಿಸಿದ ಬಾಗಿಲಿನಲ್ಲಿಯೇ ನಿಲ್ಲುವುದಿಲ್ಲ.

ಇದಕ್ಕೆ ನಮ್ಮ ದೇಶದ ಚರಿತ್ರೆಯೇ ಸಾಕ್ಷಿ. 1920ರಲ್ಲಿ ಲಾಹೋರಿನಲ್ಲಿ ಅಖಿಲ ಭಾರತ ಲಾನ್ ಟೆನ್ನಿಸ್ ಸಂಸ್ಥೆಯು ಸ್ಥಾಪಿತವಾಯಿತು. ಮರುವರ್ಷವೇ ನಮ್ಮ ತಂಡವು ಡೇವಿಸ್ ಕಪ್ಪಿನ ಪಂದ್ಯಕ್ಕೆ ಹೋಗಿ, ಪ್ಯಾರಿಸ್ ನಗರದಲ್ಲಿ ಫ್ರಾನ್ಸ್ ದೇಶವನ್ನು ನಾಲ್ಕು ಪಂದ್ಯಗಳಿಗೆ ಒಂದರಂತೆ ಸೋಲಿಸಿತು. ಮಹಮ್ಮದ್ ಸಲೀಮ್, ಸಿಡ್ನಿ ಜೇಕಬ್, ಅಥರ್ ಅಲಿ ಫೈಜಿ ಮೊದಲಾದವರು ಆ ಕಾಲದ ಹೆಸರುಗಳು. ದೇಶವು ಇನ್ನೂ ಪರಾಧೀನವಾಗಿದ್ದಾಗಲೇ ಬಲೆಯ ಈಚೆ ಕಡೆ ನಿಂತು ಯೂರೋಪಿನವರನ್ನು ಸಮಾನವಾಗಿ ಎದುರಿಸಿದ ಈ ಮಹನೀಯರ ಕೆಲಸವು ಸಾಮಾನ್ಯವಾದುದಲ್ಲ. 1939ರಲ್ಲಿ ಗೌಸ್ ಮಹಮ್ಮದ್ ವಿಂಬಲ್ಡನ್ನಿನ ಕೊನೆಯ ಎಂಟು ಮಂದಿಯಲ್ಲಿಯೂ, 1960 ಮತ್ತು 1961ರಲ್ಲಿ ರಾಮನಾಥನ್ ಕೃಷ್ಣನ್ ಕೊನೆಯ ನಾಲ್ವರಲ್ಲಿಯೂ ಸ್ಥಾನ ಪಡೆದರು. ಕೊಡಗಿನ ರೋಹನ್ ಬೋಪಣ್ಣನವರು 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಜೋಡಿಯಾಟದ ಪಂದ್ಯವನ್ನು ಗೆದ್ದುದು ಕನ್ನಡಿಗರೆಲ್ಲರಿಗೂ ನೆನಪಿರುವ ಸಂಗತಿ.

ಆದರೆ ಇವೆಲ್ಲಕ್ಕಿಂತ ದೊಡ್ಡದೆಂದು ನಾವು ಎಣಿಸುವುದು ಒಂದು ಆಡದ ಆಟವನ್ನು. 1974ರಲ್ಲಿ, ವಿಂಗ್‌ಫೀಲ್ಡನ ಸನ್ನದಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ವಿಜಯ್ ಮತ್ತು ಆನಂದ್ ಅಮೃತರಾಜ್ ಸಹೋದರರಿದ್ದ ಭಾರತದ ತಂಡವು ಡೇವಿಸ್ ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿತು. ಎದುರಾಳಿಯು ದಕ್ಷಿಣ ಆಫ್ರಿಕ. ಕರಿಯರನ್ನೂ, ಅಲ್ಲಿ ನೆಲೆಸಿದ ನಮ್ಮವರನ್ನೂ ಬೇಲಿಯ ಹೊರಗಿಟ್ಟ ಸರ್ಕಾರವು ಆಗ ಅಲ್ಲಿದ್ದಿತು. ಗೆಲ್ಲುವ ಸಂಭವವಿದ್ದರೂ ಭಾರತವು ಆಡಲೊಲ್ಲೆವೆಂದು ಹಿಂದೆ ಸರಿಯಿತು. ಕಪ್ಪು ಆಟವಿಲ್ಲದೆಯೇ ಎದುರಾಳಿಗೆ ಹೋಯಿತು. ಆಟಗಾರರಿಗೆ ಅದು ಜೀವಮಾನದ ಅವಕಾಶವಾಗಿದ್ದಿತು. ಅದನ್ನು ಕಳೆದುಕೊಂಡ ವ್ಯಥೆಯನ್ನು ನಾವು ಲಘುವಾಗಿ ಕಾಣಬಾರದು. ಆದರೂ ಒಂದು ಕಾಲಕ್ಕೆ ವರ್ಣದ ಬೇಲಿಯ ಹೊರಗೆ ನಿಂತು ಚೆಂಡನ್ನು ಹೆಕ್ಕಿಕೊಟ್ಟ ಜನಾಂಗವು, ಬೇರೊಬ್ಬರ ಸುತ್ತಲಿನ ಅಂತಹುದೇ ಬೇಲಿಯನ್ನು ಕಂಡು ಕಪ್ಪನ್ನು ಬಿಟ್ಟುಕೊಟ್ಟುದು ಆ ಆಟದ ಚರಿತ್ರೆಗೆ ನಾವು ಸೇರಿಸಿದ ಒಂದು ಪುಟ.

ಕೊನೆಯದಾಗಿ ವಾಚಕರಲ್ಲಿ ಒಂದು ಅರಿಕೆ. ವರ್ಣದ ಬೇಲಿಯು ಹೋಯಿತು. ಹಣದ ಬೇಲಿಯು ಇನ್ನೂ ಇದೆ. ನಮ್ಮ ಊರುಗಳ ಎಷ್ಟೋ ಕ್ಲಬ್ಬುಗಳಲ್ಲಿ ಚೆಂಡನ್ನು ಹೆಕ್ಕುವ ಹುಡುಗನು ಇಂದಿಗೂ ಹೆಕ್ಕುತ್ತಲೇ ಇದ್ದಾನೆ. ಅವನ ಕೈಗೆ ಬ್ಯಾಟನ್ನು ಕೊಟ್ಟು ನೋಡುವವರು ಕೆಲವರು ಮಾತ್ರ. ಕ್ಲಬ್ಬುಗಳ ಆಡಳಿತವನ್ನು ನಡೆಸುವ ಅಧಿಕಾರಿಗಳೂ ನಗರಸಭೆಗಳ ಸದಸ್ಯರೂ ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ವಾರದಲ್ಲಿ ಕೆಲವು ಗಂಟೆಗಳ ಕಾಲವಾದರೂ ಅಂಗಣವನ್ನು ಊರಿನ ಶಾಲೆಯ ಮಕ್ಕಳಿಗೆ ತೆರೆದಿಡುವುದು ಅವರಿಗೆ ದೊಡ್ಡ ಖರ್ಚಿನ ಕೆಲಸವಲ್ಲ. ಆಂಗ್ಲರು ಹಾಕಿದ ಬೇಲಿಗೆ ಅವರನ್ನು ದೂರಿದೆವು. ಈಗಿನ ಬೇಲಿಗೆ ದೂರಬೇಕಾದವರು ನಾವೇ.